ಅಪ್ಪನ ಉಗುರು, ನನ್ನ ಹೆಬ್ಬೆರಳು

ಐವತ್ನಾಲ್ಕನೇ ವಯಸ್ಸಿನಲ್ಲಿ ಮನುಷ್ಯನ ಚಿತ್ರ ಬರೆಯೋದು ಕಲಿಯೋಕೆ ಹೊರಟವನ ಮರ್ಯಾದೆ ಕಳೆಯೋಕೆ ಯಾರೂ ವಿಶೇಷ ಏರ್ಪಾಡು ಮಾಡಬೇಕಿಲ್ಲ, ಅದು ತಾನಾಗಿಯೇ ದಿನಾ ಹೋಗುತ್ತಿರುತ್ತೆ. ಹಾಗೆ ಹೋದದ್ದರಲ್ಲಿ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಮಿಕ್ಕಿದ್ದನ್ನು ನನ್ನ ಹೆಂಡತಿ ಹೇಳುತ್ತಾಳೆ, ನೀವು ಕೇಳದಿದ್ದರೂ.

ನಮ್ಮದು ಅಗ್ರಹಾರದಲ್ಲಿ ಮನೆ. ದೇವರ ಚಿತ್ರ ಬರೆದು ಚಿನ್ನದ ರೇಕು ಅಂಟಿಸೋದು ಮನೆತನದ ಕಸುಬು. ತಾತ ಅರಮನೆಗೆ ಬರೆದರು, ಅಪ್ಪ ದೊಡ್ಡ ಮನುಷ್ಯರ ಪೂಜೆಮನೆಗಳಿಗೆ ಬರೆದರು, ನಾನು ಗೃಹಪ್ರವೇಶದ ಗಿಫ್ಟಿಗೆ ಬರೆಯುತ್ತೇನೆ. ಇಷ್ಟರಲ್ಲೇ ನಮ್ಮ ವಂಶ ಯಾವ ದಿಕ್ಕಿಗೆ ನಡೆದಿದೆ ಅಂತ ಗೊತ್ತಾಗಿರಬೇಕು.

ಕನ್ನಡಕದ ಮಹಾಲಕ್ಷ್ಮಿ

ಕುಂಬಾರಕೊಪ್ಪಲಿನಿಂದ ಒಬ್ಬರು ಗಿರಾಕಿ ಬಂದಿದ್ದರು. ಹಾರ್ಡ್‌ವೇರ್ ಅಂಗಡಿ ಇಟ್ಟವರು. ತೀರಿಕೊಂಡ ತಾಯಿಯ ಫೋಟೋ ಕೊಟ್ಟು, "ನಮ್ಮವ್ವ ರಾಮದೇವ್ರ ಪಾದದ ತಾವ ಕೂತಿರೋ ಅಂಗೆ ಬರ್ಕೊಡಿ ಸ್ವಾಮಿ" ಅಂದರು. ರಾಮನನ್ನು ನಾನು ಕಣ್ಣು ಮುಚ್ಚಿಕೊಂಡು ಬರೆದುಬಿಡಬಲ್ಲೆ. ಅವರ ತಾಯಿಗೂ ಅದೇ ಕೈ ಓಡಿಸಿದೆ. ಒಂದೂವರೆ ತಿಂಗಳ ಕೆಲಸ.

ಅವರು ಬಂದು ನೋಡಿದರು. ಹತ್ತಿರ ಹೋಗಿ ನೋಡಿದರು, ಹಿಂದೆ ಸರಿದು ನೋಡಿದರು.

"ಸ್ವಾಮಿ, ಬೇಜಾರು ಮಾಡ್ಕೋಬೇಡಿ. ನಮ್ಮವ್ವ ಗದ್ದೆ ನಾಟಿ ಮಾಡಿದೋಳು, ಹೊರೆ ಹೊತ್ತೋಳು. ಇದ್ಯಾವ ಮಹಾಲಕ್ಷ್ಮಿ ಕನ್ನಡಕ ಹಾಕ್ಕೊಂಡು ಕೂತವ್ಳೆ?"

ಒಳಗಿನ ಕೋಣೆಯಿಂದ ಅಪ್ಪ ನಕ್ಕಿದ್ದು ಕೇಳಿಸಿತು. ತೊಂಬತ್ತರ ಹತ್ತಿರ ವಯಸ್ಸು, ಕಿವಿ ಮಂದ. ನನ್ನನ್ನು ಯಾರಾದರೂ ಬೈಯುವಾಗ ಮಾತ್ರ ಸೂಜಿ ಬಿದ್ದರೂ ಕೇಳಿಸುತ್ತಿತ್ತು.

ಅಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರ ಕುಂಚಕ್ಕೆ ದೇವರೂ ಬರುತ್ತಿದ್ದ, ಮನುಷ್ಯರೂ ಬರುತ್ತಿದ್ದರು. ಬೇರೆಯವರ ಚಿತ್ರ ತಿದ್ದುವಾಗ ಅವರು ಪೆನ್ಸಿಲು ಮುಟ್ಟಿದವರಲ್ಲ. ಬಲಗೈ ಹೆಬ್ಬೆರಳಿನ ಉಗುರನ್ನು ಬೇಕೆಂದೇ ಉದ್ದ ಬಿಟ್ಟಿದ್ದರು. ತಪ್ಪು ಎಲ್ಲಿದೆಯೋ ಅಲ್ಲಿ ಆ ಉಗುರಿನಿಂದ ಕಾಗದದ ಮೇಲೆ ಒಂದು ಗೀರು. ಮಾತಿಲ್ಲ, ಕತೆಯಿಲ್ಲ. "ಪೆನ್ಸಿಲ್ ಗುರುತಾದ್ರೆ ಅಳಿಸಿಬಿಡ್ತೀಯ. ಇದನ್ನ ಹೇಗೆ ಅಳಿಸ್ತೀಯೋ ನೋಡೋಣ" ಅನ್ನೋರು. ಎಂಟನೇ ವಯಸ್ಸಿನಿಂದ ಅವರಿಗೆ ತೋರಿಸಿದ ಹಾಳೆಗಳಲ್ಲಿ ಒಂದೇ ಒಂದು ಗೀರಿಲ್ಲದೆ ವಾಪಸ್ಸು ಬಂದದ್ದಿಲ್ಲ. ನಿಜ ಹೇಳುತ್ತೇನೆ, ನನಗೆ ಪ್ರಶಸ್ತಿ ಬೇಡ, ಶಾಲು ಬೇಡ. ಅವರು ಇರೋದರೊಳಗೆ ಗೀರಿಲ್ಲದ ಒಂದು ಹಾಳೆ ಬೇಕಿತ್ತು, ಅಷ್ಟೇ.

ಗಿರಾಕಿ ಹೋದ ಮೇಲೆ ಚಿತ್ರ ಒಳಗೆ ತರಿಸಿಕೊಂಡು ನೋಡಿದರು. ಆ ತಾಯಿಯ ಭುಜಕ್ಕೆ, ಕತ್ತಿಗೆ, ಮೊಣಕೈಗೆ, ಮಂಡಿಗೆ ಎಲ್ಲಾ ಕಡೆ ಗೀರು. "ಲೋ, ದೇವರಿಗೆ ಮೂಳೆ ಹಾಕದೇ ಇದ್ರೂ ಭಕ್ತರು ಕೈ ಮುಗೀತಾರೆ. ಇವಳು ಎದ್ದು ನಿಲ್ಲಬೇಕು ಕಣೋ" ಅಂದರು. ಆಮೇಲೆ ಸ್ವಲ್ಪ ಯೋಚನೆ ಮಾಡಿ, "ಕನ್ನಡಕ ಚೆನ್ನಾಗಿ ಬಂದಿದೆ" ಅಂದರು.

ಶನಿವಾರದ ಕ್ಲಾಸು

ಆ ರೋಷಕ್ಕೆ ಸರಸ್ವತಿಪುರಂನಲ್ಲಿ ಒಂದು ಟ್ಯುಟೋರಿಯಲ್ ಮೇಲಿನ ಮಹಡಿಯಲ್ಲಿ ಸಂಜೆ ನಡೆಯೋ ಚಿತ್ರದ ಕ್ಲಾಸಿಗೆ ಸೇರಿಬಿಟ್ಟೆ. ಕೆಳಗೆ ಹುಡುಗರು ಫಿಸಿಕ್ಸ್ ಉರು ಹೊಡೆಯುತ್ತಿದ್ದರೆ ಮೇಲೆ ನಾವು ಒಂದು ಪ್ಲಾಸ್ಟಿಕ್ ಅಸ್ಥಿಪಂಜರದ ಸುತ್ತ ಕೂತು ಪಕ್ಕೆಲುಬು ಎಣಿಸುತ್ತಿದ್ದೆವು. ಟೀಚರ್ ಇಪ್ಪತ್ತಾರರ ಹುಡುಗಿ. ನಾನು "ಮೇಡಂ" ಅನ್ನುತ್ತಿದ್ದೆ, ಆಕೆ "ಅಂಕಲ್" ಅನ್ನುತ್ತಿದ್ದಳು. ಹೆಸರು ಬರೆಸುವಾಗಲೇ, "ಅಂಕಲ್, ಮಗಳನ್ನ ಸೇರಿಸೋಕೆ ಬಂದಿದ್ದೀರಾ?" ಅಂತ ಕೇಳಿದ್ದಳು.

ಅಲ್ಲಿಯ ಪದ್ಧತಿ ಏನೆಂದರೆ, ಕೊನೆಯ ಅರ್ಧ ಗಂಟೆ ಎಲ್ಲರ ಹಾಳೆಗಳನ್ನೂ ಗೋಡೆಗೆ ಅಂಟಿಸೋದು, ಪ್ರತಿಯೊಬ್ಬರೂ ಪ್ರತಿಯೊಂದರ ಬಗ್ಗೆ ಮಾತಾಡೋದು. ಅದಕ್ಕೆ ಫೀಡ್‌ಬ್ಯಾಕ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಒಂದು ಉಗುರು ಸಾಕಾಗುತ್ತಿತ್ತು, ಇಲ್ಲಿ ಹದಿನಾಲ್ಕು ಬಾಯಿ.

"ಅಂಕಲ್ದು ಲೈನ್ ಮಾತ್ರ ಸಖತ್ತಾಗಿದೆ" ಅಂದ ಒಬ್ಬ ಹುಡುಗ. ನನ್ನ ಎದೆ ಉಬ್ಬಿತು. "ಆದ್ರೆ ಮನುಷ್ಯ ಸತ್ತೋಗಿದ್ದಾನೆ" ಅಂದ.

ಟೀಚರಮ್ಮ ಹತ್ತಿರ ಬಂದಳು. "ಅಂಕಲ್, ಹೆಬ್ಬೆರಳು ಬೇರೆ ಬೆರಳುಗಳ ಸಾಲಲ್ಲಿ ಹುಟ್ಟಲ್ಲ. ಮಣಿಕಟ್ಟಿನ ಹತ್ತಿರದಿಂದ್ಲೇ ಹೊರಡುತ್ತೆ, ನಿಮ್ಮ ಕೈಯನ್ನೇ ನೋಡ್ಕೊಳ್ಳಿ. ಇದನ್ನ ಇಪ್ಪತ್ತು ಸಲ ಹೇಳಿದ್ದೀನಿ. ಆಮೇಲೆ, ಈ ತೋಳಿಗೆ ಮೊಣಕೈ ಎಲ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. "ಮೇಡಂ, ನಮ್ಮ ಸಂಪ್ರದಾಯದಲ್ಲಿ ತೋಳು ಅಂದ್ರೆ ಆನೆ ಸೊಂಡಿಲಿನ ಹಾಗೆ ಇಳೀಬೇಕು. ಮೂರು ತಲೆಮಾರು ಹಾಗೇ ಬರೆದಿದ್ದೀವಿ" ಅಂದೆ.

ಆಕೆ ಬಹಳ ವಿನಯದಿಂದ, "ಹೌದಾ ಅಂಕಲ್? ಪ್ರಾಣಿಗಳ ಕ್ಲಾಸು ಶನಿವಾರ ಇದೆ, ಅದಕ್ಕೂ ಬನ್ನಿ" ಅಂದಳು.

ಕಣ್ಣಿಲ್ಲದ ಡ್ರೈವರ್

ಒಂದು ಸಂಜೆ ಮಾಡೆಲ್ಲಾಗಿ ಕೂರೋಕೆ ಕೆಳಗಿನ ಆಟೋ ಸ್ಟ್ಯಾಂಡಿನ ಡ್ರೈವರ್ ಒಬ್ಬರು ಬಂದರು. ಖಾಕಿ ಅಂಗಿ, ಅಗಲ ಭುಜ, ಕತ್ತಿನ ನರಗಳು ಎದ್ದು ಕಾಣುತ್ತಿದ್ದವು. ನಲವತ್ತು ನಿಮಿಷ ಅಲ್ಲಾಡದೆ ಕೂತರು ಮಹಾರಾಯರು. ನಾನೂ ಒಂದು ಮನಸ್ಸಿನಿಂದ ಬರೆದೆ. ಮೊಣಕೈ ಹಾಕಿದೆ, ಕೊರಳ ಮೂಳೆ ಹಾಕಿದೆ. ಕಣ್ಣು ಮಾತ್ರ ಹಾಕಲಿಲ್ಲ.

ನಮ್ಮಲ್ಲಿ ಕಣ್ಣು ಬರೆಯೋದು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಒಳ್ಳೆಯ ದಿನ ನೋಡಬೇಕು, ತಲೆಗೆ ಸ್ನಾನ ಮಾಡಬೇಕು. ಕಣ್ಣು ಬಿಡಿಸಿದ ಮೇಲೇ ದೇವರು ಬಂದ ಹಾಗೆ. ನಲವತ್ತು ವರ್ಷದ ಅಭ್ಯಾಸ, ಕೈ ಅಲ್ಲಿಗೆ ಬಂದು ತಾನಾಗಿ ನಿಂತುಬಿಟ್ಟಿತು. ಅವತ್ತು ಬೇರೆ ಅಮಾವಾಸ್ಯೆ.

ಗೋಡೆಗೆ ಅಂಟಿಸಿದ ಮೇಲೆ ಡ್ರೈವರ್ ಒಂದೊಂದೇ ಚಿತ್ರ ನೋಡಿಕೊಂಡು ಬಂದು ನನ್ನದರ ಮುಂದೆ ನಿಂತರು.

"ಇದು ಯಾರು ಬರೆದಿದ್ದು?"

"ನಾನೇ."

"ಭುಜ ಬೊಂಬಾಟಾಗಿ ಅದೆ ಸಾರ್. ಕಣ್ಣು?"

"ಶುಕ್ರವಾರ ಹಾಕ್ತೀನಿ. ದಿನ ಚೆನ್ನಾಗಿದೆ."

ಅವರು ಹಾಳೆಗೆ ಅಡ್ಡ ನಿಂತರು. "ಶುಕ್ರವಾರದವರ್ಗೂ ಯಾರಿಗೂ ತೋರಿಸಬೇಡಿ ಸಾರ್. ಆರ್‌ಟಿಓದವ್ರು ನೋಡಿದ್ರೆ ನನ್ನ ಲೈಸೆನ್ಸ್ ಕಿತ್ಕೊಂಬುಡ್ತಾರೆ."

ಎದುರಿಗೆ ಕೂತ ಮಾಡೆಲ್

ಕ್ಲಾಸಿನವರು ವಾರಕ್ಕೊಂದು ದಿನ ಮನೆಯವರನ್ನೇ ಕೂರಿಸಿ ಅಭ್ಯಾಸ ಮಾಡಿ ಅಂದರು. ಹೆಂಡತಿಯನ್ನು ಕೇಳಿದೆ. "ನಾನು ಹತ್ತು ನಿಮಿಷ ಸುಮ್ಮನೆ ಕೂತ್ರೆ ಈ ಮನೇಲಿ ಮಧ್ಯಾಹ್ನಕ್ಕೆ ಏನು ತಿಂತೀರಿ, ನಿಮ್ಮ ಪೆನ್ಸಿಲ್ಲಾ?" ಅಂದಳು. ಉಳಿದವರು ಅಪ್ಪ. ಆಗಲೇ ಮಂಚ ಬಿಟ್ಟು ಏಳುತ್ತಿರಲಿಲ್ಲ. ಅಲ್ಲಾಡದ ಮಾಡೆಲ್ ಬೇಕು ಅಂತ ಟೀಚರಮ್ಮ ಹೇಳಿದ್ದಳಲ್ಲ, ಇದಕ್ಕಿಂತ ಬೇಕಾ?

ಮಾಡೆಲ್ ಅಲ್ಲಾಡುತ್ತಿರಲಿಲ್ಲ, ಬಾಯಿ ಅಲ್ಲಾಡುತ್ತಿತ್ತು. ಹಾಳೆ ಅವರ ಕಡೆ ತಿರುಗಿಸಿಯೇ ಇಲ್ಲ, ಆಗಲೇ "ಮೂಗು ಉದ್ದ ಆಯ್ತು" ಅನ್ನೋರು. "ನೋಡ್ದೇನೇ ಹೇಗಪ್ಪಾ ಹೇಳ್ತೀರಿ?" ಅಂದರೆ, "ನಿನ್ನ ಮುಖ ಕಾಣ್ತಾ ಇದೆಯಲ್ಲೋ, ತಪ್ಪು ಮಾಡೋವಾಗ ನಾಲಿಗೆ ಕಚ್ಕೋತೀಯ. ಎಂಟನೇ ವರ್ಷದಿಂದ ನೋಡ್ತಿದ್ದೀನಿ."

ನಾಲ್ಕು ತಿಂಗಳು ಬರೆದೆ. ಮುಖ ಬರೆದೆ, ಕಿವಿ ಬರೆದೆ, ಪಾದ ಬರೆದೆ. ಒಂದೊಂದಕ್ಕೂ ಗೀರು. ಗೀರು ಹಾಕುವಾಗ ಅವರ ಕೈ ನಡುಗುತ್ತಿತ್ತು, ಗೀರು ಮಾತ್ರ ನೆಟ್ಟಗೆ ಬೀಳುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು ನನಗೆ, ಸುಳ್ಳು ಯಾಕೆ ಹೇಳಲಿ. ಈ ವಯಸ್ಸಿನಲ್ಲಾದರೂ ಸುಳ್ಳುಸುಳ್ಳೇ ಒಂದು ಸಲ ಪರವಾಗಿಲ್ಲ ಅನ್ನಬಾರದೇ?

ಒಂದು ಸಲ ಅವರ ಮುಖದ ಚಿತ್ರವನ್ನು ಕಣ್ಣೊಂದನ್ನು ಬಿಟ್ಟು ಪೂರ್ತಿ ಮಾಡಿ ಕೈಗೆ ಕೊಟ್ಟೆ. "ಒಳ್ಳೇ ದಿನ ನೋಡಿ ಕಣ್ಣು ಹಾಕ್ತೀನಪ್ಪಾ" ಅಂದೆ.

ಅಪ್ಪ ಹಾಳೆಯನ್ನು ದೂರ ಹಿಡಿದು ನೋಡಿದರು. "ಬೇಡ ಕಣೋ, ಹೀಗೇ ಇರಲಿ. ಕಣ್ಣು ಹಾಕಿದ್ರೆ ಆ ಪಾಪದವನೂ ಇದನ್ನ ನೋಡಬೇಕಾಗುತ್ತೆ" ಅಂದರು.

ಗೀರಿಲ್ಲದ ಹಾಳೆ

ಕೊನೆಗೆ ಅವರ ಬಲಗೈಯೊಂದನ್ನೇ ಬರೆಯೋಕೆ ಹಿಡಿದೆ. ಹೊದಿಕೆಯ ಮೇಲೆ ಮಲಗಿದ್ದ ಕೈ. ಹತ್ತು ದಿನ ಅದನ್ನೇ ಬರೆದೆ. ಚರ್ಮದ ಕೆಳಗೆ ಒಂದೊಂದು ಮೂಳೆಯೂ ಲೆಕ್ಕಕ್ಕೆ ಸಿಗುತ್ತಿತ್ತು, ಪ್ಲಾಸ್ಟಿಕ್ ಅಸ್ಥಿಪಂಜರದ ಅಗತ್ಯವೇ ಬೀಳಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ತೋರಿಸಿದೆ.

ಅಪ್ಪನಿಗೆ ಆ ಹೊತ್ತಿಗೆ ಮಾತು ಕಮ್ಮಿಯಾಗಿತ್ತು. ಹೆಬ್ಬೆರಳನ್ನು ಹಾಳೆಯ ಮೇಲಿಟ್ಟು ನಿಧಾನವಾಗಿ ಎಳೆದರು, ಒಂದು ಜಾಗದಲ್ಲಿ ನಿಲ್ಲಿಸಿದರು, ಒತ್ತಿದರು. ಆಮೇಲೆ ಹಾಳೆ ವಾಪಸ್ಸು ಕೊಟ್ಟು ಗೋಡೆ ಕಡೆ ತಿರುಗಿಕೊಂಡರು. ನಾನು ಕಿಟಕಿ ಹತ್ತಿರ ಓಡಿ ಬೆಳಕಿಗೆ ಹಿಡಿದು ನೋಡುತ್ತೇನೆ, ಗೀರಿಲ್ಲ! ಓರೆ ಹಿಡಿದೆ, ತಲೆಕೆಳಗು ಹಿಡಿದೆ, ಬೆರಳಲ್ಲಿ ಸವರಿದೆ. ಎಲ್ಲೂ ಇಲ್ಲ. ಐವತ್ನಾಲ್ಕು ವರ್ಷದ ಗಂಡಸು ಹಜಾರದಲ್ಲಿ ನಿಂತು ಗೊಳೋ ಅಂತ ಅತ್ತೆ. ಸಂಜೆ ಕ್ಲಾಸಿಗೆಲ್ಲಾ ಮೈಸೂರು ಪಾಕ್ ಹಂಚಿದೆ.

ಅದೇ ವಾರ ಅಪ್ಪ ಹೋದರು.

ಹಾಳೆಗೆ ಕಟ್ಟು ಹಾಕಿಸಿದೆ. ಹದಿಮೂರನೇ ದಿನದ ಊಟಕ್ಕೆ ಬಂದವರಿಗೆಲ್ಲಾ ಅವರ ಫೋಟೋಗಿಂತ ಮುಂಚೆ ಅದನ್ನೇ ತೋರಿಸಿದೆ. "ನೋಡಿ, ಅಪ್ಪ ಪಾಸ್ ಮಾಡಿದ್ದು ಇದೊಂದೇ. ಒಂದು ಗೀರಿಲ್ಲ" ಅಂತ ಎಲೆಯ ಮುಂದೆ ಕೂತವರಿಗೂ ಹೇಳಿದೆ. ಕೋಸಂಬರಿ ಬಡಿಸುತ್ತಿದ್ದ ನನ್ನ ಹೆಂಡತಿ ಅಲ್ಲೇ ನಿಂತಳು.

"ಗೀರು ಎಲ್ಲಿಂದ ಬರುತ್ತೇರೀ? ಮೈಯೆಲ್ಲಾ ಕೆರ್ಕೊಂಡು ರಕ್ತ ಮಾಡ್ಕೊಳ್ತಿದ್ರು ಅಂತ ಹಿಂದಿನ ದಿನ ಭಾನುವಾರ ತಾನೇ ಅವರ ಉಗುರೆಲ್ಲಾ ತೆಗೆದಿದ್ದೆ. ಹೆಬ್ಬೆರಳಿಂದು ಬೇಡ ಬೇಡ ಅಂತ ಕೈ ಎಳ್ಕೊಂಡ್ರು, ನಾನೇ ಗದರಿಸಿ ತೆಗೆದೆ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸಾವಾದ ಮನೆ ಅಂತಲೂ ನೋಡಲಿಲ್ಲ ಯಾರೂ.

ಎಲ್ಲರೂ ಹೋದ ಮೇಲೆ ಕಟ್ಟು ಬಿಚ್ಚಿ ಹಾಳೆ ಹೊರಗೆ ತೆಗೆದೆ. ಅವರ ಬೆರಳು ನಿಂತ ಜಾಗ ನನಗೆ ಚೆನ್ನಾಗಿ ನೆನಪಿತ್ತು. ಹೆಬ್ಬೆರಳಿನ ಬುಡ. ನನ್ನ ಕೈ ಪಕ್ಕದಲ್ಲಿಟ್ಟು ನೋಡಿದೆ. ಹೌದು, ಬೇರೆ ಬೆರಳುಗಳ ಸಾಲಲ್ಲೇ ಹುಟ್ಟಿಸಿಬಿಟ್ಟಿದ್ದೆ.

ನನ್ನ ಉಗುರಿನಿಂದಲೇ ಅಲ್ಲೊಂದು ಗೀರು ಹಾಕಿದೆ. ಅದೂ ಸೊಟ್ಟಗೆ ಬಿತ್ತು.