ತಮ್ಮನ ಆಲ್ಬಂ ಕೇಳಿದವರು

ನನ್ನ ತಮ್ಮನ ಹಾಡು ಕೇಳಿ ಇದುವರೆಗೆ ಯಾರೂ ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ತೆಲುಗು ಸೀಮೆಯ ಮಲ್ಕಾಜ್‌ಗಿರಿಯ ಅವನ ಬೀದಿಯಲ್ಲಿ ಬೇರೆ ಥರದ ಸುದ್ದಿಯಿದೆ. ಸತ್ತರೆ ಅವನ ಅಕ್ಕನಾದ ನಾನೇ ಸಾಯಬೇಕು, ಅದೂ ಹೆದರಿಕೆಯಿಂದ.

ರೈಲ್ವೆ ಸಿಗ್ನಲ್ ವಿಭಾಗದಿಂದ ರಿಟೈರ್ ಆದವರು ಏನು ಮಾಡುತ್ತಾರೆ? ವಾಕಿಂಗ್ ಹೋಗುತ್ತಾರೆ, ಶುಗರ್ ಚೆಕ್ ಮಾಡಿಸುತ್ತಾರೆ. ಇವನು ಅರವತ್ತೆಂಟನೆಯ ವಯಸ್ಸಿನಲ್ಲಿ ಸೈಕೆಡೆಲಿಕ್ ರಾಕ್ ಆಲ್ಬಂ ಮಾಡಿದ! ಹಾಗೆಂದರೇನು ಎಂದು ಕೇಳಿದೆ. "ಕಿವಿಗೆ ಕನಸು ಬಿದ್ದಂಗ ಅಕ್ಕಾ," ಎಂದ. ಕನಸಿನ ಸಾಮಗ್ರಿ: ಎಲೆಕ್ಟ್ರಿಕ್ ಗಿಟಾರ್, ನಮ್ಮವ್ವನ ಹಾರ್ಮೋನಿಯಂ, ಮೊಹರಂನಲ್ಲಿ ಬಾರಿಸುವ ಹಲಗೆ, ಗೂಡ್ಸ್ ಗಾಡಿಯ ಶಂಟಿಂಗ್ ಸದ್ದು, ಮತ್ತು ರೆಕಾರ್ಡ್ ಮಾಡಿ ಹಿಂದುಮುಂದಾಗಿ ತಿರುಗಿಸಿದ ಕುಕ್ಕರ್ ಸೀಟಿ. ಸೀಟಿ ಸರಿಯಾಗಿ ಬರಲೆಂದು ಒಂದು ವಾರ ಮೂರು ಹೊತ್ತೂ ಬೇಳೆ ಬೇಯಿಸಿದ. ಆ ವಾರ ನನ್ನ ಮನೆಗೂ ಡಬ್ಬಿ ಡಬ್ಬಿ ಬೇಳೆ ಬಂತು. ಹಾಡುವುದು ಕನ್ನಡ, ದಖನಿ, ತೆಲುಗು ಮೂರರಲ್ಲೂ, ಕೆಲವೊಮ್ಮೆ ಒಂದೇ ಸಾಲಿನಲ್ಲಿ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಕಲಿಸಿದ್ದು ಚರ್ಚಿನ ಹಿಮ್ಸ್. ಅಲ್ಲಿ ಕುಕ್ಕರಿಗೆ ಜಾಗವಿರಲಿಲ್ಲ.

ಆದರೆ ನನ್ನ ಭಯಕ್ಕೆ ಕಾರಣವಿತ್ತು. ಇಪ್ಪತ್ತನೆಯ ವಯಸ್ಸಿನಲ್ಲಿ ಅವನು ಮನೆಯವರ ಮುಂದೆ ಸ್ವಂತ ಹಾಡೊಂದನ್ನು ಗಿಟಾರ್ ಹಿಡಿದು ಹಾಡಿದ್ದ. ಅಪ್ಪ, "ಎಮ್ಮಿ ಈಯಾಕತ್ತೈತಿ, ಯಾರರ ಹೋಗಿ ನೋಡ್ರಿ," ಎಂದರು. ಮರುದಿನ ಬೆಳಿಗ್ಗೆ ಅವನ ಹಾಸಿಗೆ ಖಾಲಿ. ನಲವತ್ತು ದಿನ ಪತ್ತೆಯಿಲ್ಲ. ಅವ್ವ ಊಟ ಬಿಟ್ಟಳು. ಕೊನೆಗೆ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕ, ಎಲುಬಿನ ಹಂದರವಾಗಿ. ಆಮೇಲೆ ನಲವತ್ತೆಂಟು ವರ್ಷ ಹಾಡಲಿಲ್ಲ. ಈಗ ಲೋಕವೆಲ್ಲ ಕೇಳಲೆಂದು ನೆಟ್ಟಿನಲ್ಲಿ ಹಾಕಲು ಹೊರಟಿದ್ದ. ಹೆಂಡತಿ ಇಲ್ಲ, ಎದೆಯಲ್ಲಿ ಸ್ಟೆಂಟ್ ಇದೆ. ಯಾರಾದರೂ ಮತ್ತೆ ಎಮ್ಮೆಯ ಮಾತೆತ್ತಿದರೆ? ಈ ಸಲ ಯಾವ ಜಂಕ್ಷನ್ನಿನಲ್ಲಿ ಹುಡುಕಲಿ?

ಮೊದಲು ಅವನ ಹಾಲ್‌ನಲ್ಲೇ ಎಲ್ಲರಿಗೂ ಕೇಳಿಸುವ ಕಾರ್ಯಕ್ರಮ. ಬೀದರಿನಿಂದ ಎಂಬತ್ತೈದರ ನಮ್ಮ ಚಿಗವ್ವ ಬಂದಿದ್ದಳು. ನಾಲ್ಕು ಜನ ನೆಂಟರು, ಪಕ್ಕದ ಮನೆಯ ತೆಲುಗು ದಂಪತಿ ಇದ್ದರು. ನಾನು ಅಡುಗೆಮನೆಯಲ್ಲಿ ಮಿರ್ಚಿ ಕರಿಯುತ್ತ, ಬಾಗಿಲ ಸಂದಿಯಿಂದ ಅವರ ಮುಖ ಮಾತ್ರ ನೋಡುತ್ತಿದ್ದೆ. ಮೂರನೆಯ ಹಾಡಿನ ನಡುವೆ ಅವನು ಬೇಕೆಂದೇ ಒಂದು ನಿಮಿಷದ ಮೌನವಿಟ್ಟಿದ್ದ. ನಮ್ಮ ಜನಕ್ಕೆ ಹಾಡು ನಿಂತರೆ ಏನರ್ಥ? ಭಜನೆ ಮುಗಿಯಿತು, ಮಂಗಳಾರತಿ ಎತ್ತಬೇಕು. ಚಿಗವ್ವ ಎದ್ದು ಕರ್ಪೂರ ಹಚ್ಚಿ ಆರತಿ ಹಾಡು ಶುರುಮಾಡಿಯೇಬಿಟ್ಟಳು. ಎಲ್ಲರೂ ಎದ್ದು ಕೈಮುಗಿದರು. ಅಷ್ಟರಲ್ಲಿ ಮೌನ ಮುಗಿದು ಹಲಗೆ, ಗಿಟಾರು, ಗೂಡ್ಸ್ ಗಾಡಿ ಒಮ್ಮೆಗೇ ನುಗ್ಗಿದವು. ತಟ್ಟೆ ಒಂದು ಕಡೆ, ಚಿಗವ್ವ ಒಂದು ಕಡೆ. ಸಾವರಿಸಿಕೊಂಡು ಅವಳೆಂದಳು: "ಛಲೋ ಐತಪ್ಪಾ. ಆದ್ರ ಆರತಿ ಆದಮ್ಯಾಲ ಬಾರಿಸಬಾರದು, ಶಾಸ್ತ್ರ ಇಲ್ಲ."

ಎರಡು ದಿನ ಬಿಟ್ಟು ಪಕ್ಕದ ಮನೆಯಾತ ಗೇಟಿನಲ್ಲಿ ನನ್ನನ್ನು ನಿಲ್ಲಿಸಿ, ಬೋರ್‌ವೆಲ್ ಮೋಟಾರ್ ಮೊನ್ನೆ ಗುಂಯ್‌ಗುಡುತ್ತಿತ್ತಲ್ಲ, ರಿಪೇರಿ ಆಯಿತೇ ಎಂದು ಬಹಳ ಕಾಳಜಿಯಿಂದ ಕೇಳಿದ. ಒಳಗಿನಿಂದ ತಮ್ಮ, "ಏನಂತ ಅಕ್ಕಾ?" ಎಂದ. "ಬೇಸ್ ಗಿಟಾರ್ ಭಾಳ ಮನಸಿಗೆ ಬಂತಂತ," ಎಂದೆ. ಸುಳ್ಳು ಹೇಳಿ ಕನ್‌ಫೆಷನ್ ಮಾಡುವ ವಯಸ್ಸೇ ಇದು?

ಆಲ್ಬಂ ನೆಟ್ಟಿಗೆ ಹೋಯಿತು. ಯಾವುದೋ ವೆಬ್ ಪತ್ರಿಕೆಯ ಹುಡುಗ ಸೋಮವಾರ ರಿವ್ಯೂ ಬರೆಯುತ್ತಾನೆಂದು ತಿಳಿಯಿತು. ಸೋಮವಾರ ಏಳಕ್ಕೇ ನಾನು ಆಟೋ ಹಿಡಿದೆ. ದಾರಿಯಲ್ಲೇ ಫೋನಿನಲ್ಲಿ ಓದಿದೆ. ಎಕ್ಲೆಕ್ಟಿಕ್, ಅಂದರೆ ಹತ್ತು ಕಡೆಯಿಂದ ಹೆಕ್ಕಿ ಕಲಸಿದ್ದು, ಎಂಬ ಪದ ನಾಲ್ಕು ಸಲ. ನಮ್ಮ ಸಿಸ್ಟರ್ ಆಗಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದರು. ಕೊನೆಯ ಸಾಲಿನ ಸಾರಾಂಶ ಇಷ್ಟು: ಈ ಆಲ್ಬಂ ಎಲ್ಲಿಗೆ ಹೊರಟಿದೆಯೆಂದು ಅದಕ್ಕೇ ಗೊತ್ತಿಲ್ಲ, ಆದರೂ ನಡುವೆ ಇಳಿಯಲು ಮನಸ್ಸಾಗಲಿಲ್ಲ. ಇದು ಹೊಗಳಿಕೆಯೋ ಬೈಗುಳವೋ? ಅವನ ಮನೆ ಹೊಕ್ಕವಳೇ ಟಿವಿಯ ಹಿಂದೆ ಬಗ್ಗಿ ವೈಫೈ ಪ್ಲಗ್ ಕಿತ್ತೆ.

"ಅಲ್ಲೇನು ಮಾಡಾಕತ್ತಿ ಅಕ್ಕಾ?"

"ಡಸ್ಟಿಂಗ್."

"ಪ್ಲಗ್ ಕೈಯಾಗ ಹಿಡಕೊಂಡು? ರಿವ್ಯೂ ನಾ ಆಗಲೇ ಓದೀನಿ. ಹುಡುಗ ಖರೇನ ಬರದಾನ. ಎಲ್ಲಿ ಹೊಂಟೀನಿ ಅಂತ ನನಗೂ ಗೊತ್ತಿದ್ದಿಲ್ಲ."

"ಹಂಗಾರ ನಿನಗ ಹೆದರಿಕಿ ಇಲ್ಲೇನು?"

"ಐತಿ." ಅವನು ನನ್ನನ್ನು ನೋಡದೆ ಹೇಳಿದ. "ನೀ ಇನ್ನೂ ಏನೂ ಅಂದಿಲ್ಲ."

"ಎಲ್ಲಾರೂ ಅಂದಿದ್ದು ಓದೀನಲ್ಲೋ."

"ಓದೀದಿ. ಹಾಡು ಕೇಳಿಲ್ಲ."

ನಿಜ. ಮಿರ್ಚಿ ಕರಿಯುವಾಗ ಎಕ್ಸಾಸ್ಟ್ ಫ್ಯಾನ್ ಜೋರಾಗಿ ಹಾಕಿಕೊಂಡವಳು ನಾನು. ಆಮೇಲೂ ಒಂದು ಹಾಡನ್ನೂ ಕೇಳಿರಲಿಲ್ಲ. ಅಪ್ಪ ಹೇಳಿದ್ದೇ ನನಗೂ ಅನಿಸಿಬಿಟ್ಟರೆ ಎಂಬ ಭಯ.

"ಅವತ್ತ ಅಪ್ಪನ ಮಾತಿಗಿ ನಾ ಮನಿ ಬಿಟ್ಟಿದ್ದಿಲ್ಲ ಅಕ್ಕಾ," ಎಂದ. "ಅಪ್ಪಗ ಗಿಟಾರ್ ಅಂದ್ರ ಏನು ಗೊತ್ತಿತ್ತು? ಇಂಗ್ಲಿಷ್ ಹಾಡು ತಿಳಿದಾಕಿ ಮನ್ಯಾಗ ನೀ ಒಬ್ಬಾಕಿ. ನೀ ನಕ್ಕಿದ್ದಿ."

ನನಗೆ ನೆನಪಿರಲಿಲ್ಲ. ಇಷ್ಟು ವರ್ಷ ಅಪ್ಪನ ತಪ್ಪೆಂದೇ ಕಂಡಕಂಡವರಿಗೆ ಈ ಕಥೆ ಹೇಳಿಕೊಂಡು ಬಂದಿದ್ದೆ. ಸಾರಿ ಹೇಳುವುದನ್ನು ಕಾನ್ವೆಂಟಿನಲ್ಲಿ ಚೆನ್ನಾಗಿ ಕಲಿಸಿದ್ದರು. ಅದರ ಬದಲು ಮೇಜಿನ ಮೇಲಿದ್ದ ಹೆಡ್‌ಫೋನ್ ತೆಗೆದು ಕಿವಿಗೆ ಹಾಕಿಕೊಂಡೆ.

ಅವನು ಮೊದಲ ಹಾಡು ಹಚ್ಚಿ ಎದುರಿನ ಕುರ್ಚಿಯ ಅಂಚಿನಲ್ಲಿ ಕುಳಿತ. ಕೈಗಳನ್ನು ಮೊಣಕಾಲುಗಳ ನಡುವೆ ಒತ್ತಿಕೊಂಡು ನನ್ನ ತುಟಿಗಳನ್ನೇ ನೋಡುತ್ತಿದ್ದ.