ನಿರ್ದೇಶಕರ ಮುಖಕ್ಕೆ ಹೊಂದಿಸಿದ ಬಣ್ಣ

ಮನುಷ್ಯನ ಮುಖವು ಅವನ ಗುರುತಿನ ಚೀಟಿಯ ಫೋಟೋಗೆ ಹೊಂದತಕ್ಕದ್ದು. ಫೋಟೋವೇ ಮುಖಕ್ಕೆ ಹೊಂದಬೇಕೆಂದು ನಮ್ಮ ಇಲಾಖೆಯ ಯಾವ ನಿಯಮದಲ್ಲೂ ಇಲ್ಲ.

ಮೊದಲು ನಮ್ಮಲ್ಲಿ ಅರಾಜಕತೆಯಿತ್ತು, ಒಪ್ಪಿಕೊಳ್ಳುತ್ತೇನೆ. ಒಂದೇ ಫೋಟೋ, ತಿದ್ದುವ ಸಾಫ್ಟ್‌ವೇರಿನಲ್ಲಿ ನೀಲಿ, ಕೌಂಟರಿನ ಪರದೆಯಲ್ಲಿ ಕೆಂಪು. ಪ್ರಿಂಟರಿನಿಂದ ಬೂದಿ ಬಳಿದುಕೊಂಡು ಹೊರಬರುತ್ತಿತ್ತು. ಬಣ್ಣ ಅಳೆಯುವ ಯಂತ್ರ ಬೇಕೆಂದ ತಂತ್ರಜ್ಞ. ಯಂತ್ರವೇಕೆ, ನಿರ್ದೇಶಕರ ಮುಖವಿದೆಯಲ್ಲ ಎಂದೆ ನಾನು. ಗುಮಾಸ್ತಿಕೆಯಲ್ಲೇ ತಲೆ ನರೆತವನಿಗೆ ಅಷ್ಟೂ ತೋಚದೇ?

ನಿರ್ದೇಶಕರು ಪರದೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಅವರ ಹೋದ ವರ್ಷದ ಫೋಟೋ ತೆರೆದು, ಅದು ಎದುರಿಗಿದ್ದ ಮುಖಕ್ಕೆ ತಾಳೆಯಾಗುವವರೆಗೆ ತಂತ್ರಜ್ಞ ಬಣ್ಣದ ಗುಂಡಿಗಳನ್ನೆಲ್ಲ ತಿರುವಿದ.

"ಸಾರ್, ಯಾಕೋ ಹಳದಿ ಜಾಸ್ತಿ ಆಗ್ತಿದೆ."

"ಹೇಳಿದಷ್ಟು ಮಾಡಪ್ಪಾ," ಎಂದೆ.

ಮೂರೂ ಕಡೆ ಒಂದೇ ಬಣ್ಣ ಬಂತು. ಇನ್ನು ಯಾರೂ ತಿರುವದಂತೆ ಗುಂಡಿಗಳಿಗೆ ಅರಗಿನ ಮುದ್ರೆ ಒತ್ತಿದೆವು.

ಆ ಬಣ್ಣದಲ್ಲಿ ಬಂದ ಚೀಟಿಗಳಲ್ಲಿ ನನ್ನ ಅಕ್ಕನದೂ ಒಂದು. ಭಾವ ತೀರಿಕೊಂಡ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಒದ್ದಾಡುತ್ತಿದ್ದವಳಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ತಿಂಗಳೊಳಗೆ ಚೀಟಿ ತೋರಿಸಿ ಸೇರದಿದ್ದರೆ ಅದು ಕೈತಪ್ಪುತ್ತಿತ್ತು. ಆಸ್ಪತ್ರೆಯ ಕಾವಲುಗಾರ ಚೀಟಿ ನೋಡಿದ, ಮುಖ ನೋಡಿದ, ವಾಪಸ್ ಕಳಿಸಿದ.

"ಲೋ, ಇದು ನನ್ನ ಮುಖಾನೋ, ಮಾಗಿದ ಬಾಳೆಹಣ್ಣೋ?" ಎಂದು ಅಕ್ಕ ನನ್ನ ಮೇಜಿನ ಮೇಲೆ ಚೀಟಿ ಎಸೆದಳು.

"ಫೋಟೋ ಸರಿಯಾಗೇ ಇದೆ ಅಕ್ಕಾ. ನಿನ್ನ ಮುಖಾನೇ ಇಲಾಖೆಗೆ ಹೊಂದ್ತಿಲ್ಲ."

ಬಾಯಿಗೆ ಬಂದಂತೆ ಬೈದು ನಿರ್ದೇಶಕರ ಕೋಣೆಗೆ ನುಗ್ಗಿದಳು. ಅವರನ್ನು ಕಂಡದ್ದೇ ಜಗಳ ಮರೆತು, ಅವರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು.

"ಅಯ್ಯೋ ಸಾರ್, ನಿಮಗೆ ಕಾಮಾಲೆ! ಇವತ್ತೇ ಅಡ್ಮಿಟ್ ಆಗಿ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯನ್ನು ನಾವು ಅರಿಯದೆಯೇ ಜಾರಿಗೆ ತಂದಿದ್ದೆವು. ನಿರ್ದೇಶಕರು ಅಳುಕಲಿಲ್ಲ.

"ಕಾಯಿಲೆ ನನ್ನ ಸ್ವಂತದ್ದಮ್ಮಾ. ಬಣ್ಣ ಇಲಾಖೇದು. ಅದನ್ನ ಮುಟ್ಟೋ ಹಾಗಿಲ್ಲ."

ಆಸ್ಪತ್ರೆಗೆ ಹೊರಡುವ ಮುನ್ನ ಪ್ರಕಟಣೆಗೆ ಸಹಿ ಹಾಕಿದರು: "ಚೀಟಿಗೆ ಹೊಂದದ ಮುಖವುಳ್ಳ ಸಾರ್ವಜನಿಕರು ಅಧಿಕೃತ ಹಳದಿ ಪೌಡರ್ ಬಳಿದುಕೊಂಡು ತಮ್ಮನ್ನು ಸರಿಪಡಿಸಿಕೊಳ್ಳತಕ್ಕದ್ದು." ಪೌಡರ್ ಮಾರುವ ಭಾರವನ್ನು ಅವರ ಭಾವಮೈದುನ ಹೊತ್ತುಕೊಂಡರು, ಪಾಪ.

ತಿಂಗಳ ಕೊನೆಯ ದಿನ ನಾನೇ ಅಕ್ಕನ ಮುಖಕ್ಕೆ ಬಳಿದು ಆಸ್ಪತ್ರೆಗೆ ಕರೆದೊಯ್ದೆ. ಕಾವಲುಗಾರ ಸಲಾಮು ಹೊಡೆದು ಒಳಗೆ ಬಿಟ್ಟ. ವಾರ್ಡಿನ ಡಾಕ್ಟರು ಅವಳನ್ನು ಕಂಡವರೇ ಹಾಸಿಗೆಯ ಮೇಲೆ ಮಲಗಿಸಿ ಗ್ಲೂಕೋಸ್ ತರಿಸಿದರು.

"ಡಾಕ್ಟ್ರೇ, ಇದು ಪೌಡರ್! ನಾನು ನರ್ಸು!"

"ಹಾಗಾದ್ರೆ ಮುಖ ತೊಳೀರಿ."

ಅಕ್ಕ ನಲ್ಲಿಯ ಕಡೆ ನೋಡಿದಳು, ಕೊರಳಲ್ಲಿದ್ದ ಚೀಟಿಯ ಕಡೆ ನೋಡಿದಳು. ತೊಳೆದರೆ ಕೆಲಸ ಹೋಗುತ್ತದೆ, ತೊಳೆಯದಿದ್ದರೆ ಸೂಜಿ ತಪ್ಪದು. ಅತ್ತ ದರಿ, ಇತ್ತ ಪುಲಿ. ತೋಳು ಚಾಚಿದಳು. ಸೂಜಿ ಚುಚ್ಚುವಾಗ ನಾನು ಅವಳ ಇನ್ನೊಂದು ಕೈ ಹಿಡಿದುಕೊಂಡೆ. ಬಣ್ಣ ಮಾತ್ರ ಚೆನ್ನಾಗಿ ಕೂತಿತ್ತು.

ಪಕ್ಕದ ಹಾಸಿಗೆಯಲ್ಲಿ ನಿರ್ದೇಶಕರಿದ್ದರು. ಕಾಯಿಲೆ ಪೂರ್ತಿ ವಾಸಿಯಾಗಿತ್ತು. ಹಾಗಾಗಿ ಮುಖ ತಮ್ಮದೇ ಹಳದಿ ಚೀಟಿಗೆ ಹೊಂದದೆ ಕಾವಲುಗಾರ ಹೊರಗೆ ಬಿಟ್ಟಿರಲಿಲ್ಲ.

"ಸಿಸ್ಟರ್, ಚೂರು ಪೌಡರ್ ಇದ್ರೆ ಕೊಡ್ತೀರಾ?"

ಅಕ್ಕ ಕೊಟ್ಟಳು. ಅವರು ಬಳಿದುಕೊಂಡು ಎದ್ದರು; ಬಾಗಿಲಲ್ಲೇ ಡಾಕ್ಟರು ಕಂಡು ಮತ್ತೆ ಮಲಗಿಸಿದರು.

ಈಗ ಅಕ್ಕ ಹಾಸಿಗೆಯಿಂದಲೇ ಅವರಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುತ್ತಾಳೆ. ಹಾಜರಿ ಬೀಳುತ್ತಿದೆ, ಸಂಬಳ ಬರುತ್ತಿದೆ. ಭಾನುವಾರ ಮಕ್ಕಳಿಗೂ ಪೌಡರ್ ಹಚ್ಚಿ, ಅಮ್ಮನನ್ನು ನೋಡಲು ಕರೆದೊಯ್ಯುತ್ತೇನೆ. ಮೊನ್ನೆ ಚಿಕ್ಕದು ಕೇಳಿತು:

"ಮಾಮಾ, ಅಮ್ಮ ಮೊದಲು ಯಾವ ಬಣ್ಣ ಇದ್ಲು?"

"ಇದೇ ಬಣ್ಣ ಕಣೋ," ಎಂದೆ. ಅಮ್ಮನ ಚೀಟಿ ನೋಡಿ ಅವನೂ ಒಪ್ಪಿಕೊಂಡ.