ದೊರೆಯನ್ನು ಕೊಲ್ಲಿಸಲು ಹೊರಟ ರೈಟರ್

ಜನರಿಗೆ “ನಿಮ್ಮಿಷ್ಟ” ಅಂತ ಒಂದು ಸಲ ಹೇಳಿ ನೋಡಿ, ಆಮೇಲೆ ನಿಮ್ಮ ಗತಿ ಏನಾಗುತ್ತೆ ಅಂತ ನಾನು ಹೇಳ್ತೇನೆ. ನನಗಂತೂ ಭಾನುವಾರಕ್ಕೊಂದು ಸಲ ಆ ಗತಿ ಆಗ್ತಾನೇ ಇರುತ್ತೆ.

ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಹೆಸರಿಗೆ ರೈಟರ್, ಬರೆಯೋದು ಆಳುಗಳ ಹಾಜರಿ. ದಿನಾ ಬೆಳಿಗ್ಗೆ ಮ್ಯಾನೇಜರ ಬಂಗಲೆ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಅವರು ತಿಂಡಿ ಮುಗಿಸಿ ಕರೆಯೋವರೆಗೆ ನಿಲ್ಲಬೇಕು. ಇಪ್ಪತ್ತಾರು ವರ್ಷದಿಂದ ನಿಂತಿದ್ದೇನೆ. ಹೊಟ್ಟೆ ಉರಿಯುತ್ತೆ, ಆದ್ರೂ ನಿಲ್ತೇನೆ.

ಆ ಉರಿ ಆರಿಸಲಿಕ್ಕೇ ಮೊಬೈಲ್ ನೋಡಿ ಒಂದು ಆಟ ಕಲಿತೆ. ಒಬ್ಬ ಕಥೆ ನಡೆಸೋನು, ಉಳಿದವರಿಗೆ ಒಂದೊಂದು ಪಾತ್ರ. “ಎದುರಿಗೆ ಹೊಳೆ ಇದೆ, ಏನ್ಮಾಡ್ತೀರಿ?” ಅಂತ ಅವನು ಕೇಳಬೇಕು. ಇವರು ತೋಚಿದ್ದು ಹೇಳಬೇಕು. ಅದು ಆಗುತ್ತೋ ಇಲ್ಲವೋ ಅನ್ನೋದನ್ನ ದಾಳ ಹಾಕಿ ನೋಡೋದು, ಆರು ಬಿದ್ದರೆ ಆದಂತೆಯೇ. ಭಾನುವಾರ ಸುಂಟಿಕೊಪ್ಪದ ಬೇಕರಿಯೊಂದರ ಹಿಂದಿನ ಕೋಣೆಯಲ್ಲಿ ಸೇರೋರು ಮೂವರು: ಒಬ್ಬ ಜೀಪ್ ಡ್ರೈವರ್, ಎಸ್ಟೇಟ್ ಆಸ್ಪತ್ರೆಯ ನರ್ಸಮ್ಮ, ರಿಟೈರಾದ ಪೋಸ್ಟ್‌ಮಾಸ್ಟರು. ಕಥೆ ನಡೆಸೋನು ನಾನು. ಮೂರು ತಿಂಗಳು ಕೂತು ಬರೆದಿದ್ದೆ. ಕೊನೆಗೆ ಕೋಟೆಯೊಳಗಿನ ದುಷ್ಟ ದೊರೆ ಸಾಯಬೇಕು. ಅವನಿಗೆ ನಮ್ಮ ಮ್ಯಾನೇಜರ ಮೂಗನ್ನೂ ಕೆಮ್ಮನ್ನೂ ಕೊಟ್ಟಿದ್ದೆ. ಒಂದೇ ಒಂದು ಸಲ ಅವನು ಸತ್ತರೆ ಸಾಕಿತ್ತು ನನಗೆ.

ಒಂಟಿ ಸಲಗ

“ಕೋಟೆ ದಾರಿಗೆ ಅಡ್ಡ ಒಂದು ಒಂಟಿ ಸಲಗ ನಿಂತಿದೆ. ಏನ್ಮಾಡ್ತೀರಿ?” ಅಂದೆ. ಮೈಮೇಲೆ ಬಿದ್ದು ಹೋರಾಡ್ತಾರೆ ಅಂದ್ಕೊಂಡಿದ್ದೆ.

ಡ್ರೈವರ್ ದನಿ ತಗ್ಗಿಸಿದ. “ಯಾರೂ ಮಾತಾಡ್ಬೇಡಿ. ಹಿಂದೆ ಸರಿದು ಕಾಯೋದು.”

“ನಿನ್ನ ಕೈಯಲ್ಲಿ ಮಂತ್ರದ ಈಟಿ ಇದೆ ಮಾರಾಯ.”

“ಈಟಿ ಹಿಡ್ಕೊಂಡು ಆನೆ ಹತ್ರ ಹೋಗೋಕೆ ತಲೆ ಕೆಟ್ಟಿದೆಯಾ? ಹೋದ ವಾರ ಆಳುಗಳ ಲೈನ್‌ಮನೆ ಹತ್ರ ಆನೆ ಬಂದಾಗ ನೀವು ಆಫೀಸ್ ಬಾಗಿಲು ಹಾಕ್ಕೊಂಡು ಕೂತಿರಲಿಲ್ವಾ?”

ಹತ್ತು ನಿಮಿಷಕ್ಕೊಮ್ಮೆ “ಹೋಯ್ತಾ?” ಅಂತ ಕೇಳಿದರು. ನನಗೂ ಹಟ, “ಇಲ್ಲ” ಅಂದೆ. ಎರಡು ಸಲ ಟೀ ಕುಡಿದರು, ಪಫ್ಸ್ ತಿಂದರು, ಎದ್ದರು. ಹೋಗುವಾಗ ಪೋಸ್ಟ್‌ಮಾಸ್ಟರು ಅಂದರು, “ಆನೆ ಹೋದ್ಮೇಲೆ ಒಂದು ಫೋನ್ ಮಾಡಿ.”

ಎರಡು ದಾರಿ

ಮುಂದಿನ ವಾರ ಆನೆಯನ್ನ ನಾನೇ ಕಾಡಿಗೆ ಅಟ್ಟಿದೆ. “ಎಡಕ್ಕೊಂದು ದಾರಿ, ಬಲಕ್ಕೊಂದು ದಾರಿ. ನಿಮ್ಮಿಷ್ಟ” ಅಂದೆ. ಒಂದು ಗಂಟೆ ಜಗಳಾಡಿ ಎಡಕ್ಕೆ ಹೋದರು, ಕೋಟೆ ಸಿಕ್ಕಿತು. ನಾನು ಕೈ ತೊಳೆದು ಬರೋವಷ್ಟರಲ್ಲಿ ಪೋಸ್ಟ್‌ಮಾಸ್ಟರು ನನ್ನ ನೋಟ್‌ಬುಕ್ ತೆರೆದಿದ್ದಾರೆ. ಬದುಕಿಡೀ ಬೇರೆಯವರ ಕಾಗದ ಮುಟ್ಟಿದ ಕೈ, ಸುಮ್ಮನಿರುತ್ತಾ?

“ಎಡಕ್ಕೆ ಹೋದರೆ ಕೋಟೆ. ಬಲಕ್ಕೆ ಹೋದರೂ ಕೋಟೆ,” ಅಂತ ಗಟ್ಟಿಯಾಗಿ ಓದಿದರು. “ಅಲ್ಲ ಸ್ವಾಮಿ, ಮತ್ತೆ ನಮ್ಮನ್ನ ಕೇಳಿದ್ದು ಯಾಕೆ?”

“ಕೇಳೋದು ಒಂದು ಮರ್ಯಾದೆ,” ಅಂದೆ. ನಾನು ಕಲಿತದ್ದೇ ಅಷ್ಟು. “ಇವತ್ತು ಯಾವ ಬ್ಲಾಕಲ್ಲಿ ಕಾಫಿ ಕೊಯ್ಸೋಣ ರೈಟ್ರೇ?” ಅಂತ ಮ್ಯಾನೇಜರೂ ದಿನಾ ಕೇಳ್ತಾರೆ. ನಾನು ಬಾಯಿ ತೆರೆಯೋದರೊಳಗೆ ಅವರೇ ಹೇಳಿಬಿಡ್ತಾರೆ.

ಇದನ್ನೂ ಅವರಿಗೆ ಹೇಳಿದೆ. ಡ್ರೈವರ್ ತಲೆ ಆಡಿಸಿದ. “ಹಾಗಾದ್ರೆ ನಿಮಗೂ ಅವರಿಗೂ ಮೂಗು ಮಾತ್ರ ಬೇರೆ.”

ಪೇಷಂಟ್

ಅಂತೂ ಕೋಟೆ ಒಳಗೆ ಹೋದರು. ಡ್ರೈವರ್ ಈಟಿಯಿಂದ ತಿವಿದ, ದೊರೆ ನೆಲಕ್ಕೆ ಬಿದ್ದ. ಇನ್ನೊಂದೇ ಏಟು. ಸರದಿ ನರ್ಸಮ್ಮನದು.

“ರಕ್ತ ನಿಲ್ಲಿಸ್ತೇನೆ,” ಅಂದರು.

“ಅವನು ವೈರಿ ಕಣಮ್ಮ.”

“ಬಿದ್ಮೇಲೆ ಪೇಷಂಟ್.”

ದಾಳ ಹಾಕಿದರೆ ಆರು ಬಿತ್ತು. ದಾಳ ಸರಿಯಾಗಿ ಉರುಳಲಿಲ್ಲ, ಇನ್ನೊಮ್ಮೆ ಹಾಕಿ ಅಂದೆ. ನರ್ಸಮ್ಮ ಬ್ಯಾಗ್ ಎತ್ತಿಕೊಂಡರು. “ಎಲ್ಲಾ ನೀವೇ ತೀರ್ಮಾನ ಮಾಡೋದಾದ್ರೆ ನಾವ್ಯಾಕೆ ಬರ್ಬೇಕು?”

ಅವರು ಎದ್ದು ಹೋದರೆ ನನ್ನ ಕಥೆ ಕೇಳೋರು ಯಾರು? ಒಪ್ಪಿದೆ. ಮೂರು ತಿಂಗಳ ಕೆಲಸ ನೀರಲ್ಲಿ ಹೋಮ ಮಾಡಿದ ಹಾಗಾಯ್ತು. ದೊರೆ ಎದ್ದು ಕೂತ. ನರ್ಸಮ್ಮ ಸಮಾಧಾನವಾಗಿ ಅಂದರು, “ಕೆಮ್ಮಿಗೂ ಔಷಧಿ ಕೊಟ್ಟಿದ್ದೇನೆ.”

ಬಾಗಿಲು

ಅದರ ಮುಂದಿನ ವಾರ ನೋಟ್‌ಬುಕ್ ಮೇಜಿನ ಮೇಲೆ ಎಸೆದೆ. “ನೀವೇ ನಡೆಸಿ ಕಥೆ. ದೊರೆಯನ್ನ ಹೇಗೆ ಮುಗಿಸೋದು ಅಂತ ನಾನು ಆಡಿ ತೋರಿಸ್ತೇನೆ.”

ನರ್ಸಮ್ಮ ನನ್ನ ಕುರ್ಚಿಯಲ್ಲಿ ಕೂತರು. ಪಾಪ, ಒಂದು ಅಡ್ಡಿಯನ್ನೂ ಇಡಲಿಲ್ಲ.

“ನೀವು ದೊರೆ ಕೋಣೆ ಬಾಗಿಲಲ್ಲಿ ಇದ್ದೀರಿ. ಕಾವಲು ಇಲ್ಲ. ಬಾಗಿಲು ತೆರೆದಿದೆ. ಕೈಯಲ್ಲಿ ಕತ್ತಿ ಇದೆ. ಒಳಗೆ ಅವನೊಬ್ಬನೇ ಕೂತು ತಿಂಡಿ ತಿಂತಿದ್ದಾನೆ. ಏನ್ಮಾಡ್ತೀರಿ?”

ಮೂವರೂ ನನ್ನ ಮುಖ ನೋಡಿದರು.

“ತಿಂಡಿ ತಿಂತಿದ್ದಾರಾ?” ಅಂದೆ.

“ಹೌದು. ನಿಮ್ಮಿಷ್ಟ. ಏನ್ ಬೇಕಾದ್ರೂ ಮಾಡಬಹುದು.”

ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. “ಚಪ್ಪಲಿ ಬಿಟ್ಟು ಮೆಟ್ಟಿಲ ಕೆಳಗೆ ನಿಲ್ತೇನೆ. ಮುಗಿಸಿ ಕರೀಲಿ.”

ಯಾರೂ ನಗಲಿಲ್ಲ, ಅದೇ ದೊಡ್ಡ ಅವಮಾನ. ನಾಚಿಕೆ ಮುಚ್ಚಿಕೊಳ್ಳಲಿಕ್ಕೆ ದಾಳ ಕೈಗೆತ್ತಿಕೊಂಡೆ. “ಹಾಕ್ಲಾ?”

“ಬೇಡ ರೈಟ್ರೇ,” ಅಂದರು ನರ್ಸಮ್ಮ. “ಕಾಯೋದರಲ್ಲಿ ನೀವು ಸೋಲೋದೇ ಇಲ್ಲ.”